ಬಾಡಿಗೆಗೆ ಹೋದ ಖಾಲಿ ಖಾತೆ: ವಿಜಯಪುರದ ವಿದ್ಯಾರ್ಥಿಯೊಬ್ಬನ ಪ್ರಕರಣ

ಮೋಸದ ಹಣ ಸಾಗಿಸಲು ದುಡ್ಡಿಗೆ ಬೇರೆಯವರ ಕೈಗೆ ಕೊಟ್ಟ ಬ್ಯಾಂಕ್ ಖಾತೆಗೆ ಬಾಡಿಗೆ ಖಾತೆ ಎನ್ನುತ್ತಾರೆ. ಅಂಥ ಖಾತೆಯ ದೂರುಗಳಲ್ಲಿ ಮತ್ತೆ ಮತ್ತೆ ಕಾಣುವ ನಡೆಗಳನ್ನು ಒಬ್ಬ ಹುಡುಗನ ಮೇಲೆ ಕೂಡಿಸಿ ಕಟ್ಟಿದ ಪ್ರಕರಣವಿದು. ಹುಡುಗ, ಮೊತ್ತ, ಗಂಟೆ ನಿಮಿಷಗಳು ಉದಾಹರಣೆಗೆ ಇಟ್ಟವು. ಕಾಯ್ದೆಯ ಕಲಂ, ಸಹಾಯವಾಣಿ, ಬ್ಯಾಂಕಿನ ಕ್ರಮ ಇದ್ದದ್ದು ಇದ್ದಂತೆ.

ಹುಡುಗ ಬಿ.ಕಾಂ. ಎರಡನೇ ವರ್ಷದವನು. ಊರು ಇಂಡಿ ತಾಲ್ಲೂಕು, ಮನೆಯಲ್ಲಿ ಎರಡು ಎಕರೆ ನಿಂಬೆ ತೋಟ. ವಿಜಯಪುರದಲ್ಲಿ ಮೂವರು ಸೇರಿ ಹಿಡಿದ ರೂಮು, ಊಟ ಖಾನಾವಳಿಯಲ್ಲಿ. ಅವನ ಹೆಸರಿನಲ್ಲಿ ಇದ್ದದ್ದು ಒಂದೇ ಖಾತೆ, ಪಿಯುಸಿಯಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆಂದು ತೆರೆಸಿದ್ದು. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಆಧಾರ್ ಜೋಡಣೆಯಾದ ಆ ಖಾತೆಗೆ ದುಡ್ಡು ನೇರ ಬೀಳುತ್ತದೆ. ಬಿದ್ದ ವಾರದಲ್ಲಿ ಫೀಸಿಗೂ ರೂಮಿನ ಬಾಡಿಗೆಗೂ ಹೋಗುತ್ತದೆ. ಮುಂದೆ ವರ್ಷವಿಡೀ ನೂರು, ಇನ್ನೂರು ರೂಪಾಯಿಯ ಓಡಾಟ.

ಕೇಳಿದವನು ಗುರುತಿಲ್ಲದವನಲ್ಲ. ಅದೇ ಕಾಲೇಜಿನಲ್ಲಿ ಎರಡು ವರ್ಷ ಮುಂದಿದ್ದವನು, ಹುಡುಗರೆಲ್ಲ ಅಣ್ಣ ಎನ್ನುತ್ತಿದ್ದವನು. ಖಾನಾವಳಿಯಲ್ಲಿ ಎದುರು ಕೂತು ಮಾತು ತೆಗೆದ:

“ನಿನ್ನ ಅಕೌಂಟಿನ್ಯಾಗ ಈಗ ಎಷ್ಟ ಅದ?”

“ನೂರಾ ನಲವತ್ತು, ಅಣ್ಣಾ.”

“ಮತ್ತ ಹೋಗೂದರ ಏನದ? ಗೇಮಿಂಗ್ ಕಂಪನಿ ರೊಕ್ಕ. ಟ್ಯಾಕ್ಸ್ ಉಳಸ್ಲಾಕ ಬ್ಯಾರೆಯವರ ಅಕೌಂಟ್ ಬೇಕಾಗತಾವ. ತಿಂಗಳಿಗೆ ಐದ ಸಾವಿರ. ನೀ ಏನೂ ಮಾಡೂದ ಇಲ್ಲ.”

“ಹೋಗೂದರ ಏನದ” ಎಂಬ ಆ ಮಾತಿನ ಮೇಲೆಯೇ ಇಡೀ ದಂಧೆ ನಿಂತಿದೆ. ಕಾಲೇಜುಗಳಲ್ಲಿ ನಡೆಯುವ ಸೈಬರ್ ಜಾಗೃತಿಯ ಕಾರ್ಯಕ್ರಮಗಳನ್ನು ನೋಡಿ: ಒಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ, ನಿಮ್ಮ ಹಣ ಹೋದೀತು. ಎಲ್ಲವೂ ಕಳೆದುಕೊಳ್ಳುವವನಿಗೆ ಹೇಳುವ ಬುದ್ಧಿ. ಖಾತೆಯಲ್ಲಿ ನೂರಾ ನಲವತ್ತು ರೂಪಾಯಿ ಇಟ್ಟುಕೊಂಡ ಹುಡುಗನಿಗೆ ಅದು ತನಗೆ ಹೇಳಿದ್ದೆಂದು ಅನ್ನಿಸುವುದೇ ಇಲ್ಲ. ಮೋಸಗಾರರಿಗೆ ಬೇಕಾದದ್ದು ಅವನ ಹಣವಲ್ಲ. ಕೆವೈಸಿ (ಬ್ಯಾಂಕಿನ ಗುರುತು ಪರಿಶೀಲನೆ) ಪೂರ್ತಿಯಾದ, ಯಾವ ದೂರೂ ಇಲ್ಲದ, ಇನ್ನೊಬ್ಬರ ಹೆಸರಿನ ಖಾತೆ ಬೇಕು. ಅದು ಖಾಲಿಯಿದ್ದಷ್ಟೂ ಕೊಡುವವನಿಗೆ ಧೈರ್ಯ.

ಕೈ ಬದಲಾದ ವಸ್ತುಗಳು

ಈ ದಂಧೆಯಲ್ಲಿ ಪೂರ್ತಿ ಸಾಮಾನಿಗೆ ‘ಕಿಟ್’ ಅನ್ನುತ್ತಾರೆ. ಪಾಸ್‌ಬುಕ್, ಎಟಿಎಂ ಕಾರ್ಡ್ ಮತ್ತು ಅದರ ಪಿನ್, ಚೆಕ್‌ಬುಕ್, ನೆಟ್‌ಬ್ಯಾಂಕಿಂಗ್ ಐಡಿ ಮತ್ತು ಪಾಸ್‌ವರ್ಡ್, ಎಲ್ಲಕ್ಕಿಂತ ಮುಖ್ಯವಾಗಿ ಖಾತೆಗೆ ಜೋಡಿಸಿದ ಸಿಮ್. ಯುಪಿಐ ಹೊಸ ಫೋನಿನಲ್ಲಿ ನೋಂದಣಿಯಾಗುವಾಗ ಆ ಫೋನಿನಿಂದಲೇ ಒಂದು ಎಸ್‌ಎಂಎಸ್ ಬ್ಯಾಂಕಿಗೆ ಹೋಗಬೇಕು. ಆಮೇಲೆ ಬರುವ ಪ್ರತಿ ಒಟಿಪಿಯೂ ಅದೇ ನಂಬರಿಗೆ. ಸಿಮ್ ಕೊಟ್ಟವನು ಖಾತೆಯನ್ನೇ ಕೊಟ್ಟ ಹಾಗೆ. ಉಳಿದದ್ದೆಲ್ಲ ಅದರ ಬಾಲ.

ನಮ್ಮ ಹುಡುಗ ತನ್ನ ದಿನಬಳಕೆಯ ನಂಬರು ಕೊಡಲು ಹಿಂಜರಿದ. ಅದಕ್ಕೂ ಅಣ್ಣನ ಹತ್ತಿರ ದಾರಿ ಇತ್ತು. ಅವನ ಆಧಾರ್ ಮೇಲೆಯೇ ಹೊಸ ಸಿಮ್ ತೆಗೆಸಿ, ಬ್ಯಾಂಕಿಗೆ ಹೋಗಿ ಮೊಬೈಲ್ ನಂಬರ್ ಬದಲಿಸಲು ಅರ್ಜಿ ಕೊಡಿಸಿದ. ಜೊತೆಗೆ ನೆಟ್‌ಬ್ಯಾಂಕಿಂಗ್ ಮತ್ತು ಚೆಕ್‌ಬುಕ್ಕಿಗೆ ಅರ್ಜಿ. ಯುಪಿಐಯಲ್ಲಿ ಸಾಮಾನ್ಯ ವ್ಯವಹಾರಕ್ಕೆ ದಿನಕ್ಕೆ 1 ಲಕ್ಷ ರೂಪಾಯಿಯ ಮಿತಿ ಇದೆ. ನೆಟ್‌ಬ್ಯಾಂಕಿಂಗಿನಲ್ಲಿ ಸಿಗುವ, ಬ್ಯಾಂಕಿನಿಂದ ಬ್ಯಾಂಕಿಗೆ ತಕ್ಷಣ ಹಣ ಕಳಿಸುವ ಐಎಂಪಿಎಸ್‌ನಲ್ಲಿ ಒಂದು ಸಲಕ್ಕೆ 5 ಲಕ್ಷದವರೆಗೂ ಹೋಗಬಹುದು. ನೆಟ್‌ಬ್ಯಾಂಕಿಂಗ್ ಮೇಲೆ ಅವರಿಗೆ ಕಣ್ಣು ಇರುವುದು ಇದಕ್ಕೆ. ಶಾಖೆಯಲ್ಲಿ “ಇದೆಲ್ಲಾ ನಿನಗ ಯಾಕ ಬೇಕು ತಮ್ಮಾ?” ಎಂದು ಕೇಳಿದರೆ ಹೇಳಬೇಕಾದ ಉತ್ತರವನ್ನೂ ಮೊದಲೇ ಬಾಯಿಪಾಠ ಮಾಡಿಸಿದ್ದ: ಆನ್‌ಲೈನ್ ಕೋರ್ಸಿನ ಫೀಸು. ಉತ್ತರ ಹೇಳಿಕೊಟ್ಟು ಬ್ಯಾಂಕಿಗೆ ಕಳಿಸುವ ಕೆಲಸದಲ್ಲಿ ಪ್ರಾಮಾಣಿಕವಾದದ್ದು ಏನೂ ಇರಲಾರದು. ಹುಡುಗರಿಗೆ ಕಲಿಸಲು ಸುಲಭವಾದ ಗುರುತು ಇದು, ಬೇರೆ ಯಾವ ತಾಂತ್ರಿಕ ವಿವರಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಸಿಮ್ ಕೇಳದೆಯೂ ಕೆಲಸ ಸಾಗಿಸುವವರಿದ್ದಾರೆ. ಟೆಲಿಗ್ರಾಂನಲ್ಲಿ ಒಂದು ಎಪಿಕೆ ಫೈಲ್ (ಪ್ಲೇ ಸ್ಟೋರಿನ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್) ಕಳಿಸಿ, ಹುಡುಗನ ಫೋನಿಗೇ ಹಾಕಿಸಿ, ಬರುವ ಎಸ್‌ಎಂಎಸ್‌ಗಳನ್ನೆಲ್ಲ ತಮ್ಮ ಕಡೆ ಹರಿಸಿಕೊಳ್ಳುತ್ತಾರೆ. ದೊಡ್ಡ ಮೊತ್ತದ ಕೆಲಸಕ್ಕೆ ಇನ್ನೂ ಮುಂದೆ ಹೋಗುತ್ತಾರೆ: ಹುಡುಗನ ಹೆಸರಿನಲ್ಲಿ ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಮಾಡಿಸಿ, ರಬ್ಬರ್ ಸ್ಟಾಂಪು ಹೊಡೆಸಿ, ವ್ಯಾಪಾರಸ್ಥರ ಕರೆಂಟ್ ಅಕೌಂಟ್ ತೆರೆಸುತ್ತಾರೆ, ಖಾತೆ ಓಡುವಷ್ಟು ದಿನ ಅವನನ್ನು ಬೇರೆ ಊರಿನ ಲಾಡ್ಜಿನಲ್ಲಿ ಊಟ ಹಾಕಿ ಇಟ್ಟುಕೊಳ್ಳುತ್ತಾರೆ. “ನಾಕ ದಿನ ಟ್ರಿಪ್ ಹೋಗಿ ಬರೂಣು” ಎನ್ನುವ ಕರೆಯ ಅರ್ಥ ಹಲವು ಸಲ ಇಷ್ಟೇ.

ಮೂರು ದಿನದ ಸ್ಟೇಟ್‌ಮೆಂಟ್

ಕಿಟ್ ಹೋದ ಮೇಲೆ ಆರು ದಿನ ಏನೂ ಆಗಲಿಲ್ಲ. ಏಳನೇ ದಿನ ಬೆಳಿಗ್ಗೆ 10:42ಕ್ಕೆ 1 ರೂಪಾಯಿ ಬಂತು. ಖಾತೆ ಜೀವಂತ ಇದೆಯೇ, ಹಣ ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. 11:05ಕ್ಕೆ 48,000. 11:09ಕ್ಕೆ 47,900 ಹೊರಗೆ. ಮಧ್ಯಾಹ್ನ 95,000 ಒಳಗೆ, ಏಳು ನಿಮಿಷದಲ್ಲಿ ಎರಡು ಪಾಲಾಗಿ ಬೇರೆ ಎರಡು ಖಾತೆಗಳಿಗೆ. ಮರುದಿನ 1,99,000 ಮತ್ತು 1,50,000. ಮೂರನೇ ದಿನ 2,50,000, ಅದರಲ್ಲಿ ಒಂದು ಪಾಲು ಬೇರೆ ರಾಜ್ಯದ ಎಟಿಎಂನಿಂದ ನಗದಾಗಿ ಹೋಯಿತು. ಒಟ್ಟು ಒಳಬಂದದ್ದು 7,42,001 ರೂಪಾಯಿ, ಕೊನೆಗೆ ಉಳಿದದ್ದು 1,312. ಹುಡುಗನ ಕೈಗೆ ಬಂದದ್ದು ಮಾತಾಡಿದ ಐದು ಸಾವಿರದಲ್ಲಿ ಮೂರು ಸಾವಿರ, ಅದೂ ಅಣ್ಣನ ಸ್ವಂತ ಯುಪಿಐನಿಂದ ಇವನ ರೂಮ್‌ಮೇಟಿನ ನಂಬರಿಗೆ.

ಹಣ ಹೀಗೆ ಒಂದು ಖಾತೆಯಲ್ಲೂ ಕೂರದೆ ಓಡುವುದಕ್ಕೆ ಕಾರಣವಿದೆ. ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ ಕೂಡಲೇ ಮಾಹಿತಿ ಅವರ ಬ್ಯಾಂಕಿಗೆ, ಅಲ್ಲಿಂದ ಹಣ ಹೋದ ಬ್ಯಾಂಕಿಗೆ, ಮತ್ತೆ ಅದರ ಮುಂದಿನ ಬ್ಯಾಂಕಿಗೆ ಹೋಗುತ್ತದೆ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2021ರಲ್ಲಿ ಶುರು ಮಾಡಿದ ವ್ಯವಸ್ಥೆ ಇದು. ಮೊದಲು ಹಣ ಬಿದ್ದ ಖಾತೆಗೆ ಒಂದನೇ ಲೇಯರ್ ಎನ್ನುತ್ತಾರೆ, ಅಲ್ಲಿಂದ ಹಂಚಿಹೋದ ಖಾತೆಗಳಿಗೆ ಎರಡನೇ ಲೇಯರ್. ಪ್ರತಿ ಲೇಯರ್ ದಾಟಿದಂತೆ ಹಿಡಿಯುವುದು ಕಷ್ಟ, ಕೊನೆಗೆ ನಗದು ಅಥವಾ ಕ್ರಿಪ್ಟೊ ಆಗಿಬಿಟ್ಟರೆ ಬ್ಯಾಂಕಿನ ಕೈ ಮೀರಿದ ಹಾಗೆ. ಮೋಸಗಾರ ಓಡುತ್ತಿರುವುದು ಆ ಫೋನ್ ಕರೆಯ ಜೊತೆ ಪೈಪೋಟಿಗೆ.

ಈ ಓಟದಲ್ಲಿ ಹೆಸರು, ವಿಳಾಸ, ಫೋಟೋ ಸಮೇತ ಸಿಗುವವನು ಖಾತೆದಾರ ಒಬ್ಬನೇ. ಮೇಲಿನವರು ಬಹಳ ಸಲ ದೇಶದಲ್ಲೇ ಇರುವುದಿಲ್ಲ. ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ಗಳ ಮೋಸದ ಕೇಂದ್ರಗಳ ವಿಷಯ ಎಲ್ಲರಿಗೂ ಗೊತ್ತಿರುವುದೇ. ಬಾಡಿಗೆ ಖಾತೆಗಳ ಹರಹು ಎಷ್ಟೆಂಬುದಕ್ಕೆ ಒಂದು ಅಂದಾಜು: 2025ರ ಜೂನ್‌ನಲ್ಲಿ ಸಿಬಿಐ ಹೇಳಿದಂತೆ ದೇಶದ 700ಕ್ಕೂ ಹೆಚ್ಚು ಬ್ಯಾಂಕ್ ಶಾಖೆಗಳಲ್ಲಿ ಇಂಥ ಸುಮಾರು 8.5 ಲಕ್ಷ ಖಾತೆಗಳಿದ್ದವು.

ಗೊತ್ತಾದದ್ದು ಹೇಗೆ

ಯಾವ ಪೊಲೀಸರೂ ಬಾಗಿಲು ಬಡಿಯಲಿಲ್ಲ. ಮುಂದಿನ ತಿಂಗಳು ವಿದ್ಯಾರ್ಥಿವೇತನ ಬಂತೆಂದು ಗೆಳೆಯರು ಹೇಳಿದರು, ಇವನು ಪಾಸ್‌ಬುಕ್ ಇಲ್ಲದೆ ಆಧಾರ್ ಹಿಡಿದು ಶಾಖೆಗೆ ಹೋದ. ಹಣ ಬಂದಿತ್ತು, ತೆಗೆಯಲು ಆಗಲಿಲ್ಲ. ಖಾತೆ ಡೆಬಿಟ್ ಫ್ರೀಜ್ ಆಗಿತ್ತು: ಬರುವುದು ಬರುತ್ತದೆ, ಹೋಗುವುದು ಮಾತ್ರ ಬಂದ್. 95,000 ಮತ್ತು 1,99,000 ರೂಪಾಯಿಗೆ ಸಂಬಂಧಿಸಿ ಎರಡು ಬೇರೆ ಬೇರೆ ರಾಜ್ಯಗಳಿಂದ ದೂರು ದಾಖಲಾಗಿದ್ದವು. ಒಂದು ಷೇರು ವ್ಯಾಪಾರದ ನಕಲಿ ಆ್ಯಪ್, ಇನ್ನೊಂದು ವಿಡಿಯೊ ಕರೆಯಲ್ಲಿ ಪೊಲೀಸರಂತೆ ನಟಿಸಿ ‘ಡಿಜಿಟಲ್ ಅರೆಸ್ಟ್’ ಹೆಸರಿನಲ್ಲಿ ನಿವೃತ್ತರೊಬ್ಬರನ್ನು ಹೆದರಿಸಿ ಕಿತ್ತ ಹಣ.

ಇಲ್ಲಿಂದ ಮುಂದೆ ಹುಡುಗ ಒಂದರ ಮೇಲೊಂದು ಮೂರು ತಪ್ಪು ಮಾಡಿದ. ಮೊದಲು ಅಣ್ಣನಿಗೇ ಫೋನ್ ಮಾಡಿದ. ಅವನು ಚಾಟ್ ಎಲ್ಲ ಅಳಿಸು ಅಂದ, ಇವನು ಅಳಿಸಿದ. ತಾನು ಏನು ನಂಬಿ ಖಾತೆ ಕೊಟ್ಟೆ ಎಂದು ತೋರಿಸಲು ಇದ್ದ ಒಂದೇ ದಾಖಲೆ ಅದು. ಅಳಿಸಿದ್ದು ಅಪರಾಧ ಮುಚ್ಚಿಹಾಕಿದಂತೆಯೂ ಕಾಣುತ್ತದೆ. ಎರಡನೆಯದು, ಫೋನೂ ಕಾರ್ಡೂ ಕಳೆದುಹೋಗಿದ್ದವೆಂದು ಬ್ಯಾಂಕಿಗೆ ಬರೆದುಕೊಟ್ಟ. ಕಾರ್ಡ್ ಕಳೆದವನು ಒಂದು ತಿಂಗಳು ಸುಮ್ಮನಿದ್ದದ್ದು ಯಾಕೆ, ನಂಬರ್ ಬದಲಿಸುವ ಅರ್ಜಿಗೆ ಸಹಿ ಹಾಕಿದ್ದು ಯಾರು ಎಂಬ ಪ್ರಶ್ನೆಗೆ ಆ ಪತ್ರ ಮುಂದೆ ಉರುಳಾಯಿತು. ಮೂರನೆಯದು, ಖಾತೆ ಬಿಡಿಸಿಕೊಡುತ್ತೇನೆಂದ ‘ಏಜೆಂಟ್’ಗೆ ನಾಲ್ಕು ಸಾವಿರ ಕಳಿಸಿದ. ಫ್ರೀಜ್ ತೆಗೆಯುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ. ನಾಲ್ಕು ಸಾವಿರ ಎಂದರೆ ಬಂದ ಬಾಡಿಗೆಗಿಂತ ಒಂದು ಸಾವಿರ ಹೆಚ್ಚು.

ಇಷ್ಟರಲ್ಲಿ ಇನ್ನೂ ದೊಡ್ಡ ತೊಡಕೊಂದು ಹೊರಬಿತ್ತು. ಮೊದಲ ವಾರದ ಹುರುಪಿನಲ್ಲಿ ಹುಡುಗ ತನ್ನ ಇಬ್ಬರು ಗೆಳೆಯರನ್ನೂ ಅಣ್ಣನಿಗೆ ಪರಿಚಯ ಮಾಡಿಸಿದ್ದ, ತಲೆಗೆ ಸಾವಿರದ ಮಾತಿನ ಮೇಲೆ. ತನ್ನ ಒಂದು ಖಾತೆ ಕೊಟ್ಟವನನ್ನು ಮೋಸಹೋದವನೆಂದು ನೋಡುವ ತನಿಖಾಧಿಕಾರಿ, ಇನ್ನಿಬ್ಬರನ್ನು ತಂದವನನ್ನು ಹಾಗೆ ನೋಡುವುದು ಕಷ್ಟ. ಈ ದಂಧೆ ಹಾಸ್ಟೆಲಿನಿಂದ ಹಾಸ್ಟೆಲಿಗೆ ಹಬ್ಬುವುದು ಇದೇ ಸಾವಿರ ರೂಪಾಯಿಯ ಬಲದಿಂದ. ಖಾನಾವಳಿಯ ಆ ಅಣ್ಣನೂ ಒಂದು ಕಾಲಕ್ಕೆ ಇಷ್ಟೇ ಮುಗ್ಧನಾಗಿ ತನ್ನ ಖಾತೆ ಕೊಟ್ಟವನಿರಬಹುದು. ಅದರಿಂದ ಅವನ ಹೊಣೆ ಕಡಿಮೆಯಾಗುವುದಿಲ್ಲ.

ಕಾಯ್ದೆ ನೋಡುವ ರೀತಿ

“ನನಗ ಗೊತ್ತಿರಲಿಲ್ಲ” ಎಂಬುದು ಸುಳ್ಳಾಗಬೇಕಿಲ್ಲ, ಆದರೆ ಅಷ್ಟೇ ಸಾಲುವುದಿಲ್ಲ. ಇಂಥ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಬರುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 318(4), ವಂಚನೆ, 7 ವರ್ಷದವರೆಗೆ ಶಿಕ್ಷೆ. ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ, 3 ವರ್ಷದವರೆಗೆ ಶಿಕ್ಷೆ, 1 ಲಕ್ಷದವರೆಗೆ ದಂಡ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ, 2002 ಇದಕ್ಕೂ ಬಿಗಿ. ಅಪರಾಧದ ಹಣವನ್ನು ಸಾಗಿಸಲು ತಿಳಿದೂ ನೆರವಾದವನೂ ಅದರ ಕಲಂ 3ರ ಒಳಗೆ ಬರುತ್ತಾನೆ, ಕಲಂ 4ರಂತೆ ಶಿಕ್ಷೆ 3 ವರ್ಷಕ್ಕೆ ಕಡಿಮೆಯಿಲ್ಲ, 7 ವರ್ಷದವರೆಗೆ ಹೋಗಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯ ಹಿಂದೆ ಈ ಕಾಯ್ದೆಯ ತನಿಖೆ ಮಾಡುವ ಇ.ಡಿ. (ಜಾರಿ ನಿರ್ದೇಶನಾಲಯ) ಬರುವುದಿಲ್ಲ, ಬಹುಪಾಲು ಪ್ರಕರಣ ಪೊಲೀಸ್ ಠಾಣೆಯ ಮಟ್ಟದಲ್ಲೇ ನಡೆಯುತ್ತವೆ. ತಿಳಿದು ಮಾಡಿದನೇ ಎಂಬುದನ್ನು ನಿರ್ಧರಿಸುವಾಗ ಬಾಡಿಗೆ ಪಡೆದದ್ದು, ಪಿನ್ ಮತ್ತು ಸಿಮ್ ಕೊಟ್ಟದ್ದು, ಬ್ಯಾಂಕಿಗೆ ಸುಳ್ಳು ಕಾರಣ ಹೇಳಿದ್ದು, ಅನುಮಾನ ಬಂದ ಮೇಲೂ ಬಾಯಿ ಬಿಡದಿದ್ದದ್ದು ತೂಕಕ್ಕೆ ಬರುತ್ತವೆ. ಪೊಲೀಸ್ ಪೇದೆ ಹುದ್ದೆಗೋ ಸೈನ್ಯಕ್ಕೋ ತಯಾರಿ ನಡೆಸಿರುವ ಹುಡುಗರಿಗೆ ಶಿಕ್ಷೆಗಿಂತ ಮೊದಲು ತಟ್ಟುವುದು ನೇಮಕಾತಿಯ ಪರಿಶೀಲನಾ ನಮೂನೆ. ಬಾಕಿ ಪ್ರಕರಣ ಇದೆಯೇ ಎಂದು ಅದರಲ್ಲಿ ಕೇಳುತ್ತಾರೆ.

ತಿದ್ದಿಕೊಂಡ ಹಾದಿ

ಅಪ್ಪನಿಗೆ ವಿಷಯ ತಿಳಿದದ್ದು ಬೇರೆ ರಾಜ್ಯದ ಠಾಣೆಯಿಂದ ಊರಿನ ವಿಳಾಸಕ್ಕೆ ನೋಟಿಸು ಬಂದಾಗ. ಸಿಟ್ಟು ಇಳಿದ ಮೇಲೆ ಅವರು ಮಾಡಿದ ಕೆಲಸ ಸರಿಯಾಗಿತ್ತು: ಮಗನನ್ನು ಕರೆದುಕೊಂಡು ನೇರ ಬ್ಯಾಂಕಿಗೆ ಹೋದರು. “ಸಾಹೇಬ್ರ, ಯಾರು ಫಿರ್ಯಾದಿ ಕೊಟ್ಟಾರ, ಎಲ್ಲಿ ಕೊಟ್ಟಾರ, ಅಷ್ಟ ಬರದ ಕೊಡ್ರಿ” ಎಂದು ಕೇಳಿದರು. ಕೇಳಬೇಕಾದದ್ದೂ ಅಷ್ಟೇ. ಪ್ರತಿ ದೂರಿನ ಸ್ವೀಕೃತಿ ಸಂಖ್ಯೆ, ದೂರು ದಾಖಲಾದ ಠಾಣೆ, ತನಿಖಾಧಿಕಾರಿಯ ಇಮೇಲ್, ವಿವಾದಿತ ಮೊತ್ತ, ಇಡೀ ಖಾತೆಗೆ ಫ್ರೀಜ್ ಇದೆಯೋ ಒಂದು ಮೊತ್ತಕ್ಕೆ ಮಾತ್ರ ತಡೆ ಇದೆಯೋ. ಇವಿಲ್ಲದೆ ಬರೆದ ಯಾವ ಮನವಿಗೂ ಉತ್ತರ ಬರುವುದಿಲ್ಲ.

ನೋಟಿಸು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರದ್ದು. ಬಂಧನ ಅಗತ್ಯವಿಲ್ಲವೆಂದು ಕಂಡಾಗ ಹಾಜರಾಗಿ ಎಂದು ಕೊಡುವ ನೋಟಿಸು ಇದು. ಹೇಳಿದಂತೆ ಹಾಜರಾಗುತ್ತ ಹೋದರೆ, ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಕಡೆಗಣಿಸಿದರೆ ಆ ರಕ್ಷಣೆ ಹೋಗುತ್ತದೆ. ಕಲಂ 94ರ ನೋಟಿಸು ಬೇರೆ, ಅದು ದಾಖಲೆ ಕೇಳುವುದಕ್ಕೆ. ನೋಟಿಸು ಅಸಲಿಯೇ ಎಂದು ನೋಡಲು ಅದರಲ್ಲಿರುವ ಮೊಬೈಲ್ ನಂಬರಿಗೆ ಕರೆ ಮಾಡಬಾರದು. ಆ ರಾಜ್ಯದ ಪೊಲೀಸ್ ಜಾಲತಾಣದಲ್ಲಿರುವ ಠಾಣೆಯ ನಂಬರಿಗೆ ಮಾಡಬೇಕು, ಇಲ್ಲವೇ ವಿಜಯಪುರದ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಠಾಣೆಯಲ್ಲಿ ತೋರಿಸಬೇಕು. ಕಲಂ 35ರ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಜಾರಿ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ವಾಟ್ಸ್‌ಆ್ಯಪಿನಲ್ಲಿ ಬಂದ ನೋಟಿಸಿನ ಜೊತೆಗೆ ‘ಇತ್ಯರ್ಥಕ್ಕೆ’ ಹಣವನ್ನೂ ಕೇಳಿದರೆ ಅನುಮಾನಕ್ಕೆ ಬೇರೆ ಕಾರಣ ಬೇಡ.

ವಕೀಲರನ್ನು ಹಿಡಿಯಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ, ಉಳಿದವರಿಗೆ ಆದಾಯ ಮಿತಿಯ ಮೇಲೆ. ವಕೀಲರು ಮೊದಲು ಮಾಡಿದ್ದು, ಕಳೆದುಹೋಯಿತೆಂಬ ಸುಳ್ಳು ಪತ್ರವನ್ನು ಹಿಂತೆಗೆಸಿ ನಡೆದದ್ದನ್ನು ದಿನಾಂಕವಾರು ಬರೆಸಿದ್ದು. ಯಾರು ಕೇಳಿದರು, ಏನು ಹೇಳಿ ಕೇಳಿದರು, ಏನೇನು ಕೊಟ್ಟೆ, ಎಷ್ಟು ಹಣ ಯಾವ ನಂಬರಿನಿಂದ ಬಂತು. ಅಳಿಸಿದ ಚಾಟ್ ರೂಮ್‌ಮೇಟಿನ ಫೋನಿನಲ್ಲಿ ಅರ್ಧ ಉಳಿದಿತ್ತು, ಮೂರು ಸಾವಿರ ಬಂದ ಯುಪಿಐ ಸಂದೇಶವೂ ಇತ್ತು. ಬಾಡಿಗೆ ಪಡೆದದ್ದಕ್ಕೆ ಸಾಕ್ಷಿಯಾದ ಆ ಸಂದೇಶವೇ ಅಣ್ಣನ ಗುರುತಿಗೂ ಸಾಕ್ಷಿ. ಮುಚ್ಚಿಟ್ಟಿದ್ದರೆ ಹುಡುಗನ ಮೇಲಿನ ಆರೋಪ ಹಾಗೇ ಉಳಿಯುತ್ತಿತ್ತು, ಅವನನ್ನು ಸೇರಿಸಿಕೊಂಡವನು ಮಾತ್ರ ಕಣ್ಮರೆ.

ವಿವಾದಿತ ಮೊತ್ತ 2,94,000. ವಿದ್ಯಾರ್ಥಿವೇತನ ಸರ್ಕಾರದಿಂದ ನೇರ ಬಂದದ್ದೆಂದು ತೋರಿಸಿ ಅಷ್ಟನ್ನಾದರೂ ಬಿಡಿ ಎಂದು ತನಿಖಾಧಿಕಾರಿಗೆ ಇಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮನವಿ ಹೋಯಿತು. ಅದು ಆಗದಿದ್ದರೆ ಸಂಬಂಧಪಟ್ಟ ಮ್ಯಾಜಿಸ್ಟ್ರೇಟರ ಮುಂದೆ ಅದೇ ಸುರಕ್ಷಾ ಸಂಹಿತೆಯ ಕಲಂ 503ರಡಿ ಅರ್ಜಿ. ಪ್ರಕರಣ ಹೊರ ರಾಜ್ಯದ್ದಾದರೆ ನ್ಯಾಯಾಲಯವೂ ಅಲ್ಲಿಯದೇ. ನಿಂಬೆ ಕೊಯ್ಲಿನ ಹಂಗಾಮಿನಲ್ಲಿ ಅಪ್ಪ ಮಗ ಇಬ್ಬರೂ ಎರಡು ಸಲ ರೈಲು ಹತ್ತಬೇಕಾಯಿತು.

ಮುಂದಿನ ವಿದ್ಯಾರ್ಥಿವೇತನ ಅದೇ ಖಾತೆಗೆ ಬಿದ್ದು ಸಿಕ್ಕಿಕೊಳ್ಳದಂತೆ ಅಂಚೆ ಪೇಮೆಂಟ್ಸ್ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಆಧಾರ್ ಜೋಡಣೆಯನ್ನು ಅಲ್ಲಿಗೆ ಬದಲಿಸಿದರು. ನೇರ ವರ್ಗಾವಣೆಯ ಹಣ ಕೊನೆಯದಾಗಿ ಜೋಡಿಸಿದ ಖಾತೆಗೇ ಹೋಗುತ್ತದೆ; ಮೈಆಧಾರ್ ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ ಖಾತ್ರಿ ಮಾಡಿಕೊಳ್ಳಬಹುದು. ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ ತನ್ನ ಹೆಸರಿನ ಸಿಮ್‌ಗಳನ್ನು ನೋಡಿದಾಗ ಎರಡರ ಜಾಗದಲ್ಲಿ ಮೂರು ಕಂಡವು. ಮೂರನೆಯದನ್ನು ತನ್ನದಲ್ಲವೆಂದು ಅಲ್ಲೇ ವರದಿ ಮಾಡಿದ. ಹೊಸ ಸಿಮ್ ತೆಗೆಸಲು ಬೆರಳಚ್ಚು ಕೊಟ್ಟ ದಿನ “ಸರ್ವರ್ ಬಂದಿಲ್ಲ, ಇನ್ನೊಮ್ಮೆ ಒತ್ತು” ಎಂದು ಎರಡು ಸಲ ಒತ್ತಿಸಿಕೊಂಡಿದ್ದರು; ಮೂರನೇ ಸಿಮ್ ಹುಟ್ಟಿದ್ದು ಅಲ್ಲೇ.

ಕಿಟ್ ಕೊಟ್ಟು ಇನ್ನೂ ಹಣ ಬಂದಿರದಿದ್ದರೆ

ಗೆಳೆಯರಿಬ್ಬರ ಸ್ಥಿತಿ ಇದೇ ಆಗಿತ್ತು. ಕಾರ್ಡೂ ಸಿಮ್ಮೂ ಹೋಗಿದ್ದವು, ಸ್ಟೇಟ್‌ಮೆಂಟಿನಲ್ಲಿ ಒಂದು ರೂಪಾಯಿಯ ಪರೀಕ್ಷೆಯೂ ಬಂದಿರಲಿಲ್ಲ. ಇಲ್ಲಿ ಗಂಟೆಗಳ ಲೆಕ್ಕ. ಮೊದಲು ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಕಾರ್ಡ್, ನೆಟ್‌ಬ್ಯಾಂಕಿಂಗ್, ಯುಪಿಐ ಮೂರನ್ನೂ ಬಂದ್ ಮಾಡಿಸಬೇಕು. ಕಾರ್ಡ್ ಒಂದನ್ನೇ ಬ್ಲಾಕ್ ಮಾಡಿ ಸುಮ್ಮನಾಗುವವರೇ ಹೆಚ್ಚು, ಯುಪಿಐ ಓಡುತ್ತಲೇ ಇರುತ್ತದೆ. ಆಮೇಲೆ ಆಧಾರ್ ಹಿಡಿದು ಸಿಮ್ ಕಂಪನಿಯ ಅಂಗಡಿಗೆ: ಅದೇ ನಂಬರಿನ ಬದಲಿ ಸಿಮ್ ತೆಗೆದರೆ ಅವರ ಕೈಯಲ್ಲಿರುವುದು ಸಾಯುತ್ತದೆ. ಬದಲಿ ಸಿಮ್ಮಿಗೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಆ ದಿನ ಒಟಿಪಿ ಬರಲಿಲ್ಲವೆಂದು ಗಾಬರಿಯಾಗಬಾರದು. ನಂತರ ಶಾಖೆಗೆ ನಡೆದದ್ದನ್ನು ಬರೆದು ಕೊಟ್ಟು, ಪ್ರತಿಯ ಮೇಲೆ ದಿನಾಂಕದ ಮುದ್ರೆ ಹಾಕಿಸಿಕೊಳ್ಳಬೇಕು. ಅದೇ ದಿನ cybercrime.gov.in ತಾಣದಲ್ಲಿ ದೂರು ದಾಖಲಿಸಬೇಕು. ಮುದ್ರೆ ಬಿದ್ದ ಆ ಹಾಳೆ ಮುಂದೆ ಏನೇ ಬಂದರೂ ಕೆಲಸಕ್ಕೆ ಬರುತ್ತದೆ, ಹಣ ಬರುವ ಮೊದಲೇ ತಿಳಿಸಿದ್ದ ಎಂಬುದಕ್ಕೆ ಅದಕ್ಕಿಂತ ಗಟ್ಟಿ ದಾಖಲೆ ಇಲ್ಲ.

ಹಣ ಬಂದೇಬಿಟ್ಟಿದ್ದರೆ? ಮುಟ್ಟಬಾರದು. “ತಪ್ಪಿ ಬಂದದ, ಈ ನಂಬರಿಗೆ ವಾಪಸ್ ಹಾಕ್ರಿ” ಎಂದು ಯಾರೇ ಕೇಳಿದರೂ ಹಾಕಬಾರದು. ಅವರು ಕೊಡುವ ನಂಬರು ಹಣ ಕಳಿಸಿದವರದೇ ಆಗಿರಬೇಕೆಂದಿಲ್ಲ. ಅದನ್ನು ಹಿಂತಿರುಗಿಸುವ ಕೆಲಸ ಬ್ಯಾಂಕಿನದು.

ಕಾಲೇಜಿನಲ್ಲಿ ಹೇಳುವುದಾದರೆ

ಎಸ್‌ಎಸ್‌ಪಿ ಅರ್ಜಿಯ ಹಂಗಾಮಿಗಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ. ಪ್ರತಿ ಹುಡುಗನ ಗಮನವೂ ಆಗ ತನ್ನ ಖಾತೆಯ ಮೇಲಿರುತ್ತದೆ. ಹತ್ತು ನಿಮಿಷ ಸಾಕು, ಸ್ಲೈಡು ಬೇಡ. ನಿಮ್ಮ ಖಾತೆ ಕೇಳಲು ಬರುವವನು ನಿಮ್ಮ ಸೀನಿಯರ್ ಆಗಿರುತ್ತಾನೆ, ಗೆಳೆಯನ ಗೆಳೆಯನಾಗಿರುತ್ತಾನೆ ಎಂದು ನೇರವಾಗಿ ಹೇಳಬೇಕು. ಅಪರಿಚಿತರಿಂದ ದೂರವಿರಿ ಎಂದರೆ ಈ ದಂಧೆಯನ್ನು ಮುಟ್ಟಿದಂತೆಯೂ ಆಗುವುದಿಲ್ಲ. ಅವ್ವನ ಗೃಹಲಕ್ಷ್ಮಿ ಖಾತೆಯನ್ನೂ ಕೇಳುತ್ತಾರೆ, ಅದೂ ಇದೇ. ‘ಪೇಮೆಂಟ್ ಪ್ರೊಸೆಸಿಂಗ್’, ಶೇಕಡಾ ಎರಡರ ಕಮಿಷನ್, ಮನೆಯಲ್ಲೇ ಪಾರ್ಟ್‌ಟೈಮ್ ಎಂದು ಬಂದರೂ ಒಳಗಿರುವುದು ಇದೇ ಕೆಲಸ.

ಯಾರಿಗೂ ಗೊತ್ತಾಗುವುದಿಲ್ಲ ಎನ್ನುವವರಿಗೆ ಸ್ಟೇಟ್‌ಮೆಂಟ್ ತೋರಿಸಬೇಕು. ವರ್ಷವಿಡೀ ಇನ್ನೂರು ರೂಪಾಯಿ ಓಡಿದ ಖಾತೆಯಲ್ಲಿ ಮೂರು ದಿನಕ್ಕೆ ಏಳು ಲಕ್ಷ ಬಂದು ನಿಮಿಷಗಳಲ್ಲಿ ಹೋದರೆ ಯಂತ್ರಕ್ಕೂ ಕಾಣುತ್ತದೆ. ಇಂಥ ಖಾತೆಗಳನ್ನು (ಇಂಗ್ಲಿಷಿನಲ್ಲಿ ‘ಮ್ಯೂಲ್ ಅಕೌಂಟ್’) ನಡವಳಿಕೆಯಿಂದಲೇ ಗುರುತಿಸುವ ‘ಮ್ಯೂಲ್‌ಹಂಟರ್’ ಎಂಬ ವ್ಯವಸ್ಥೆಯನ್ನು ರಿಸರ್ವ್ ಬ್ಯಾಂಕಿನ ಇನ್ನೋವೇಶನ್ ಹಬ್ ರೂಪಿಸಿದ್ದು, 2024ರ ಡಿಸೆಂಬರ್‌ನಲ್ಲಿ ಅದರ ಘೋಷಣೆಯಾಯಿತು.

ವಾರ್ಡನ್ನರು ನೋಡಬೇಕಾದದ್ದು ಬೇರೆ. ಒಂದೇ ರೂಮಿನ ವಿಳಾಸಕ್ಕೆ ಹಲವು ಹೆಸರಿನ ಎಟಿಎಂ ಕಾರ್ಡಿನ ಲಕೋಟೆಗಳು, ಚೆಕ್‌ಬುಕ್ಕಿನ ಪಾರ್ಸಲ್‌ಗಳು, ಪರೀಕ್ಷೆಯ ಹೊತ್ತಿನಲ್ಲಿ ಇಬ್ಬರು ಮೂವರು ಒಟ್ಟಿಗೆ ನಾಲ್ಕು ದಿನ ಊರಲ್ಲಿ ಇಲ್ಲದಿರುವುದು. ಕಂಡಾಗ ಎಲ್ಲರೆದುರು ಬೈದರೆ ಉಳಿದವರು ತಮ್ಮ ಚಾಟ್ ಅಳಿಸುತ್ತಾರೆ. ಒಬ್ಬೊಬ್ಬನನ್ನೇ ಕರೆದು, “ಸಿಮ್ ಈಗ ಯಾರ ಹತ್ರ ಅದ?” ಎಂದು ಕೇಳುವುದು ಮೇಲು. ಖಾತೆ ಕೊಟ್ಟೆಯಾ ಎಂದರೆ ಇಲ್ಲ ಎನ್ನುತ್ತಾರೆ. ಸಿಮ್ ಎಲ್ಲಿ ಎಂದರೆ ಫೋನ್ ತೆಗೆದು ತೋರಿಸಬೇಕಾಗುತ್ತದೆ.

ಗೆಳೆಯರಿಬ್ಬರಲ್ಲಿ ಒಬ್ಬ ಅದೇ ದಿನ ಬದಲಿ ಸಿಮ್ ತೆಗೆದು ಮುದ್ರೆ ಹಾಕಿಸಿಕೊಂಡ. ಅವನಿಗೆ ಈವರೆಗೆ ಯಾವ ನೋಟಿಸೂ ಬಂದಿಲ್ಲ. ಇನ್ನೊಬ್ಬ ಸೋಮವಾರ ಹೋದರಾಯಿತೆಂದು ಎರಡು ದಿನ ಬಿಟ್ಟ. ಭಾನುವಾರ ರಾತ್ರಿ ಅವನ ಖಾತೆಗೆ 1 ರೂಪಾಯಿ ಬಂತು, ಹಿಂದೆಯೇ 60,000. ಅವನ ಅರ್ಜಿಯೂ ಈಗ ಇಂಡಿಯ ಹುಡುಗನದರ ಜೊತೆ ಅದೇ ವಕೀಲರ ಮೇಜಿನ ಮೇಲಿದೆ.